1957ರ ಬೆಲ್ ಏರ್ ಕಿಟ್‌ಗಳ ಹೋಲಿಕೆ: ಪೆಟ್ಟಿಗೆ ಬಿಡಿ, ಅಚ್ಚು ನೋಡಿ

1957ರ ಷೆವರ್ಲೆ ಬೆಲ್ ಏರ್‌ನಷ್ಟು ಸಲ, ಬಿಡಿಭಾಗ ಜೋಡಿಸಿ ಕಟ್ಟುವ ಪುಟ್ಟ ಪ್ಲಾಸ್ಟಿಕ್ ಕಿಟ್ ಆಗಿ ಬಂದ ಅಮೆರಿಕದ ಕಾರುಗಳು ಬೆರಳೆಣಿಕೆಯಷ್ಟು. ಎಎಂಟಿ ಮಾಡಿತು, ರೆವೆಲ್ ಮಾಡಿತು, ಮೊನೊಗ್ರಾಮ್ ಮಾಡಿತು. ಆಮೇಲೆ ಕಂಪನಿಗಳು ಒಂದನ್ನೊಂದು ಕೊಂಡವು, ಅಚ್ಚುಗಳು ಕೈ ಬದಲಾಯಿಸಿದವು. ಅದೇ ಅಚ್ಚಿನಿಂದ ತೆಗೆದ ಭಾಗಗಳು ಹತ್ತಾರು ಬೇರೆ ಬೇರೆ ಚಿತ್ರದ ಪೆಟ್ಟಿಗೆಗಳಲ್ಲಿ ಮಾರುಕಟ್ಟೆಗೆ ಬಂದವು. ಹಾಗಾಗಿ ಆನ್‌ಲೈನ್‌ನಲ್ಲಿ '57 ಷೆವಿ ಎಂದು ಹುಡುಕಿದರೆ ಕಾಣುವ ಇಪ್ಪತ್ತು ಪೆಟ್ಟಿಗೆಗಳ ಒಳಗೆ ಇರುವುದು ನಾಲ್ಕೈದೇ ಬಗೆಯ ಕಾರು. ಯಾವುದು ಯಾವುದೆಂದು ತಿಳಿಯದೆ ಕೊಂಡವರಿಗೆ ಮನೆಯಲ್ಲಿ ಈಗಾಗಲೇ ಇರುವ ಕಿಟ್ಟೇ ಇನ್ನೊಂದು ಅಂಗಿ ತೊಟ್ಟು ಬಂದಿರುತ್ತದೆ.

ಈ ಲೇಖನ ಇಟ್ಟುಕೊಂಡಿರುವುದು ಬೆಲ್ ಏರ್ ಉದಾಹರಣೆಯನ್ನು. ಕ್ರಮ ಮಾತ್ರ 1950–70ರ ದಶಕದ ಯಾವ ಅಮೆರಿಕನ್ ಕಾರ್ ಕಿಟ್‌ಗಾದರೂ ಹೊಂದುತ್ತದೆ.

ಮೊದಲು ನಾಲ್ಕು ಪದ

ಕಿಟ್ ಸಂಗ್ರಾಹಕರ ಮಾತಿನಲ್ಲಿ ಟೂಲಿಂಗ್ ಎಂದರೆ ಉಕ್ಕಿನ ಅಚ್ಚು. ಆ ಅಚ್ಚಿನಿಂದ ಮೊದಲ ಸಲ ಬಂದದ್ದು ಮೊದಲ ಇಶ್ಯೂ. ಪೆಟ್ಟಿಗೆ, ಡೀಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ, ಅಕ್ಷರ), ಪ್ಲಾಸ್ಟಿಕ್ಕಿನ ಬಣ್ಣ ಬದಲಿಸಿ ಅದೇ ಅಚ್ಚನ್ನು ಮತ್ತೆ ಓಡಿಸಿದರೆ ರೀಇಶ್ಯೂ. ಅಚ್ಚಿನ ಒಂದು ತುಂಡು ತೆಗೆದು ಇನ್ನೊಂದು ತುಂಡು ಕೂರಿಸಿ ತೆಗೆದದ್ದು ಮಾರ್ಪಡಿಸಿದ ಇಶ್ಯೂ. ಪೂರ್ತಿ ಹೊಸ ಉಕ್ಕು ಕಡಿದಿದ್ದರೆ ಹೊಸ ಟೂಲ್. ಮಾರುವವರು ಈ ನಾಲ್ಕನ್ನೂ ಕಲಸಿ ‘ವಿಂಟೇಜ್, ಅಪರೂಪ’ ಎಂದು ಬರೆಯುತ್ತಾರೆ. ಕೊಳ್ಳುವವರು ಬಿಡಿಸಿ ನೋಡಬೇಕು.

ಇದರಲ್ಲಿ ಅತಿ ಹೆಚ್ಚು ಮೋಸ ಹೋಗುವುದು ಮಾರ್ಪಡಿಸಿದ ಇಶ್ಯೂ ವಿಷಯದಲ್ಲಿ. ಉಕ್ಕನ್ನು ಒಮ್ಮೆ ಕಡಿದರೆ ಹಿಂದಿನ ರೂಪ ತಾನಾಗಿ ಮರಳುವುದಿಲ್ಲ. 1960ರ ದಶಕದಲ್ಲಿ ಪ್ರತಿ ವರ್ಷದ ಹೊಸ ಕಾರಿಗೆಂದು ಮಾಡಿದ ಅಚ್ಚುಗಳಲ್ಲಿ ಹಲವನ್ನು ಮುಂದಿನ ವರ್ಷದ ಮಾದರಿಗೆ ತಿದ್ದಿದರು. ಕೆಲವಕ್ಕೆ ಚಕ್ರದ ಕಮಾನು ಅಗಲಿಸಿ ರೇಸ್ ಕಾರು ಮಾಡಿದರು. ಅಂಥ ಅಚ್ಚಿನ ಮೂಲ ರೂಪ ಬೇಕೆಂದರೆ ಆ ಕಾಲದ ಪೆಟ್ಟಿಗೆಯನ್ನೇ ಹುಡುಕಬೇಕು, ಇಲ್ಲವೇ ಯಾರಾದರೂ ಹೊಸದಾಗಿ ಉಕ್ಕು ಕಡಿಯುವವರೆಗೆ ಕಾಯಬೇಕು.

ಹಂತ 1: ಮೇಜು ಸಿದ್ಧಪಡಿಸಿ

150 ಮಿ.ಮೀ. ಡಿಜಿಟಲ್ ವರ್ನಿಯರ್ ಕ್ಯಾಲಿಪರ್, 30 ಸೆಂ.ಮೀ. ಉಕ್ಕಿನ ಸ್ಕೇಲ್ (ಕಾರಿನ ಪೂರ್ತಿ ಉದ್ದ ಕ್ಯಾಲಿಪರ್‌ಗೆ ಸಿಗುವುದಿಲ್ಲ), 5 ಅಥವಾ 10 ಪಟ್ಟು ದೊಡ್ಡದು ಮಾಡುವ ಭೂತಗಾಜು, ಬಿಳಿ ಟ್ರೇ, ಜಿಪ್ ಇರುವ ಪಾಲಿಥೀನ್ ಚೀಲಗಳು, ಮಾಸ್ಕಿಂಗ್ ಟೇಪ್, ಪಕ್ಕದಿಂದ ಬೀಳುವ ಒಂದು ದೀಪ. ದೀಪ ಮುಖ್ಯ. ತಲೆಯ ಮೇಲಿನ ಟ್ಯೂಬ್‌ಲೈಟ್‌ನಲ್ಲಿ ಕಾಣದ ಕೆತ್ತನೆ, ಕುಳಿ, ತಿದ್ದಿದ ಗುರುತು ಓರೆಬೆಳಕಿನಲ್ಲಿ ಎದ್ದು ಬರುತ್ತವೆ.

ಒಂದು ಸಲಕ್ಕೆ ಒಂದೇ ಪೆಟ್ಟಿಗೆ ತೆರೆಯಿರಿ. ಎರಡು ಕಿಟ್‌ಗಳ ಬಿಡಿಭಾಗ ಒಂದೇ ಟ್ರೇಯಲ್ಲಿ ಬೆರೆತರೆ, ಅದರಲ್ಲೂ ಎರಡೂ ಬಿಳಿ ಪ್ಲಾಸ್ಟಿಕ್ ಆಗಿದ್ದರೆ, ಬೇರ್ಪಡಿಸಲು ಒಂದು ಸಂಜೆ ಸಾಲದು.

ಹಂತ 2: ಸ್ಕೇಲ್ ಅಳೆಯಿರಿ

ಇದೇ ಮೊದಲ ಮತ್ತು ಅತಿ ವಿಶ್ವಾಸದ ಪರೀಕ್ಷೆ. ಇಲ್ಲಿ ಸ್ಕೇಲ್ ಎಂದರೆ ಅಳತೆಪಟ್ಟಿಯಲ್ಲ, ಕಿಟ್ ನಿಜವಾದ ಕಾರಿನ ಎಷ್ಟನೇ ಒಂದು ಪಾಲು ಎಂಬ ಪ್ರಮಾಣ. ಎಎಂಟಿ ಮತ್ತು ರೆವೆಲ್‌ನ ಅಮೆರಿಕನ್ ಕಾರುಗಳು ಹೆಚ್ಚಾಗಿ 1/25. ಮೊನೊಗ್ರಾಮ್ ನೆಚ್ಚಿಕೊಂಡದ್ದು 1/24, ಅಂದರೆ ಒಂದು ಅಡಿಗೆ ಅರ್ಧ ಅಂಗುಲ. ಕಣ್ಣಿಗೆ ವ್ಯತ್ಯಾಸ ಕಾಣದು, ಕ್ಯಾಲಿಪರ್‌ಗೆ ಕಾಣುತ್ತದೆ.

ನಿಜವಾದ 1957ರ ಷೆವರ್ಲೆಯ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) 115 ಅಂಗುಲ, ಉದ್ದ 200 ಅಂಗುಲ, ಅಗಲ 73.9 ಅಂಗುಲ. ಅದನ್ನು ಇಳಿಸಿದರೆ:

1/25ರಲ್ಲಿ ವೀಲ್‌ಬೇಸ್ 116.8 ಮಿ.ಮೀ., ಉದ್ದ 203.2 ಮಿ.ಮೀ., ಅಗಲ 75.1 ಮಿ.ಮೀ.
1/24ರಲ್ಲಿ ವೀಲ್‌ಬೇಸ್ 121.7 ಮಿ.ಮೀ., ಉದ್ದ 211.7 ಮಿ.ಮೀ., ಅಗಲ 78.2 ಮಿ.ಮೀ.
1/32ರಲ್ಲಿ ವೀಲ್‌ಬೇಸ್ 91.3 ಮಿ.ಮೀ., 1/16ರಲ್ಲಿ 182.6 ಮಿ.ಮೀ.

ವೀಲ್‌ಬೇಸ್ ಅಳೆಯುವಾಗ ಬಾಡಿಯ ಚಕ್ರದ ಕಮಾನುಗಳ ನಡುವಿನ ಅಂತರ ಹಿಡಿಯಬೇಡಿ. ಕಮಾನು ದುಂಡಗಿರುವುದಿಲ್ಲ, ನಡುಬಿಂದು ಎಲ್ಲಿದೆ ಎಂಬುದು ಅಂದಾಜಿನ ಮಾತು. ಷಾಸಿಯ ಮೇಲೆ ಮುಂದಿನ ಮತ್ತು ಹಿಂದಿನ ಆಕ್ಸಲ್ ಕೂರುವ ತೂತುಗಳ ನಡುವೆ ಅಳೆಯಿರಿ. ಷಾಸಿ ಬಿಲ್ಲಿನಂತೆ ಬಾಗಿದ್ದರೆ ಅಳತೆ ಒಂದು ಮಿ.ಮೀ.ವರೆಗೆ ತಪ್ಪಬಹುದು, ಸಮತಟ್ಟಾದ ಗಾಜಿನ ಮೇಲೆ ಒತ್ತಿ ಹಿಡಿದು ಅಳೆಯಿರಿ. 1/25ಕ್ಕೂ 1/24ಕ್ಕೂ ನಡುವಿನ ಅಂತರ ಸುಮಾರು 5 ಮಿ.ಮೀ. ಇರುವುದರಿಂದ ಆ ತಪ್ಪು ತೀರ್ಮಾನ ಕೆಡಿಸುವುದಿಲ್ಲ.

ಈ ಪರೀಕ್ಷೆಯ ಬೆಲೆ ಗೊತ್ತಾಗುವುದು ರೆವೆಲ್ ಪೆಟ್ಟಿಗೆ ಎದುರಿಗಿದ್ದಾಗ. ರೆವೆಲ್ ಮತ್ತು ಮೊನೊಗ್ರಾಮ್ 1986ರಲ್ಲಿ ಒಂದಾದವು. ಆಮೇಲೆ ಮೊನೊಗ್ರಾಮ್ ಅಚ್ಚುಗಳು ರೆವೆಲ್ ಹೆಸರಿನ ಪೆಟ್ಟಿಗೆಗಳಲ್ಲೂ ಬಂದವು. ಆದ್ದರಿಂದ ಪೆಟ್ಟಿಗೆಯಲ್ಲಿ ರೆವೆಲ್ ಎಂದಿದ್ದು ವೀಲ್‌ಬೇಸ್ 121–122 ಮಿ.ಮೀ. ಬಂದರೆ ನಿಮ್ಮ ಕೈಯಲ್ಲಿರುವುದು ಹಳೆಯ ರೆವೆಲ್ ಅಲ್ಲ, ಮೊನೊಗ್ರಾಮ್ ಸಂತಾನ.

ಒಂದು ಎಚ್ಚರ. 1955, 56, 57 ಮೂರೂ ವರ್ಷದ ಷೆವರ್ಲೆಗಳ ವೀಲ್‌ಬೇಸ್ 115 ಅಂಗುಲವೇ. ಹಳೆಯ, ಜೋಡಿಸಿ ಬಿಚ್ಚಿದ ಕಿಟ್‌ನಲ್ಲಿ ಬೇರೆ ವರ್ಷದ ಷಾಸಿ ಸೇರಿಕೊಂಡಿದ್ದರೆ ವೀಲ್‌ಬೇಸ್ ಅದನ್ನು ಹಿಡಿಯುವುದಿಲ್ಲ. ಷಾಸಿಯನ್ನು ಬಾಡಿಯ ಒಳಗೆ ಕೂರಿಸಿ ನೋಡುವುದೇ ದಾರಿ.

ಹಂತ 3: ಪೆಟ್ಟಿಗೆ ಓದಿ, ಆದರೆ ಸಾಕ್ಷಿಯಾಗಿ ಮಾತ್ರ

ಪೆಟ್ಟಿಗೆಯ ಚಿತ್ರ ಏನನ್ನೂ ಸಾಬೀತು ಮಾಡುವುದಿಲ್ಲ. ಈಗ ಎಎಂಟಿ, ಎಂಪಿಸಿ (ಇನ್ನೊಂದು ಹಳೆಯ ಕಿಟ್ ಕಂಪನಿ) ಎರಡೂ ಹೆಸರುಗಳನ್ನು ಇಟ್ಟುಕೊಂಡಿರುವ ರೌಂಡ್ 2 ಕಂಪನಿ 1960ರ ದಶಕದ ಚಿತ್ರಗಳನ್ನೇ ಮತ್ತೆ ಅಚ್ಚು ಹಾಕಿ ಹೊಸ ಪೆಟ್ಟಿಗೆ ಮಾಡುತ್ತದೆ. ಅದು ಮೋಸವಲ್ಲ, ಅಭಿಮಾನಿಗಳಿಗೆ ಬೇಕಾದದ್ದೇ ಅದು. ಸೆಕೆಂಡ್‌ಹ್ಯಾಂಡ್ ಮಾರಾಟದಲ್ಲಿ ಆ ಪೆಟ್ಟಿಗೆಯ ಮುಖದ ಫೋಟೊ ಮಾತ್ರ ತೋರಿಸಿದಾಗ ತೊಂದರೆ ಶುರುವಾಗುತ್ತದೆ.

ಓದಬೇಕಾದದ್ದು ಪೆಟ್ಟಿಗೆಯ ಪಕ್ಕ ಮತ್ತು ತಳದ ಸಣ್ಣ ಅಕ್ಷರ. ವಿಳಾಸ ಕಾಲ ಹೇಳುತ್ತದೆ. ಎಎಂಟಿ ಕಾರ್ಪೊರೇಷನ್, ಟ್ರಾಯ್, ಮಿಷಿಗನ್ ಎಂದಿದ್ದರೆ ಹಳೆಯ ಕಂಪನಿಯ ಕಾಲ. 1978ರಲ್ಲಿ ಮ್ಯಾಚ್‌ಬಾಕ್ಸ್ ಆಟಿಕೆಗಳ ಲೆಸ್ನಿ ಎಎಂಟಿಯನ್ನು ಕೊಂಡಿತು; ಲೆಸ್ನಿ ಎಂಬ ಪದ ಲಾಂಛನದಲ್ಲೇ ಇದ್ದರೆ ಅಲ್ಲಿಂದ ಕೆಲವೇ ವರ್ಷಗಳ ಅವಧಿ. 1980ರ ದಶಕದ ಆರಂಭದಲ್ಲಿ ಎಎಂಟಿ ಅರ್ಟಲ್ ಕಂಪನಿಯ ಪಾಲಾಯಿತು, ವಿಳಾಸ ಅಯೊವಾದ ಡೈಯರ್ಸ್‌ವಿಲ್ ಆಯಿತು. ಸೌತ್ ಬೆಂಡ್, ಇಂಡಿಯಾನಾ ಎಂದಿದ್ದರೆ ರೌಂಡ್ 2. ರೆವೆಲ್‌ನ ಹಳೆಯ ವಿಳಾಸ ಕ್ಯಾಲಿಫೋರ್ನಿಯಾದ ವೆನಿಸ್. ಮೊನೊಗ್ರಾಮ್‌ನದು ಇಲಿನಾಯ್‌ನ ಮಾರ್ಟನ್ ಗ್ರೋವ್, ವಿಲೀನದ ನಂತರದ ರೆವೆಲ್-ಮೊನೊಗ್ರಾಮ್ ಪೆಟ್ಟಿಗೆಗಳಲ್ಲೂ ಅದೇ ಊರು ಕಾಣಿಸುತ್ತದೆ. ಹಾಬಿಕೊ ಕಂಪನಿ 2007ರಲ್ಲಿ ರೆವೆಲ್ ಕೊಂಡ ಮೇಲೆ ಎಲ್ಕ್ ಗ್ರೋವ್ ವಿಲೇಜ್ ಬಂತು.

ವಿಳಾಸದ ಕೊನೆಯಲ್ಲಿ ಐದಂಕಿಯ ಜಿಪ್ ಕೋಡ್ ಇದೆಯೇ ನೋಡಿ. ಅಮೆರಿಕದಲ್ಲಿ ಅದು ಜಾರಿಗೆ ಬಂದದ್ದು 1963ರ ಜುಲೈ 1ರಂದು. ಜಿಪ್ ಕೋಡ್ ಇದ್ದರೆ ಪೆಟ್ಟಿಗೆ ಅದಕ್ಕಿಂತ ಹಿಂದಿನದಲ್ಲ. ಇಲ್ಲದಿದ್ದರೆ ಹಿಂದಿನದೇ ಎಂದು ಹೇಳಲಾಗದು, ಕೆಲವರು ಹಲವು ವರ್ಷ ಅದನ್ನು ಹಾಕಲೇ ಇಲ್ಲ. ಅಂಗಡಿಯಲ್ಲಿ ಮೊದಲ ಬಾರ್‌ಕೋಡ್ ಓದಿಸಿದ್ದು 1974ರ ಜೂನ್‌ನಲ್ಲಿ. ಹಾಗಾಗಿ 1962ರ ಮೂಲ ಎಂದು ಮಾರುವ ಪೆಟ್ಟಿಗೆಯ ಪಕ್ಕದಲ್ಲಿ ಬಾರ್‌ಕೋಡ್ ಇದ್ದರೆ ಮಾತು ಅಲ್ಲಿಗೇ ಮುಗಿಯಿತು.

ಕಾಪಿರೈಟ್ ವರ್ಷ ಇನ್ನೊಂದು ಬಲೆ. ಪೆಟ್ಟಿಗೆಯ ಮೇಲಿನ ವರ್ಷ ಆ ಮುದ್ರಣಕ್ಕೆ ಸೇರಿದ್ದು. ಷಾಸಿಯ ಅಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲೇ ಕೆತ್ತಿದ ವರ್ಷ ಅಚ್ಚಿಗೆ ಸೇರಿದ್ದು, ಅದೂ ಅಚ್ಚನ್ನು ತಿದ್ದಿದಾಗ ಬದಲಾಯಿಸದೆ ಬಿಟ್ಟಿರಬಹುದು. ಎರಡೂ ವರ್ಷ ಬರೆದುಕೊಳ್ಳಿ. ಅವುಗಳ ನಡುವೆ 20 ವರ್ಷದ ಅಂತರ ಕಂಡರೆ ಅದು ರೀಇಶ್ಯೂ.

ಪ್ಲಾಸ್ಟಿಕ್ ಹೊದಿಕೆಯಲ್ಲಿ ಸೀಲ್ ಆಗಿದೆ ಎಂಬುದಕ್ಕೆ ಸಾಕ್ಷಿಯಾಗಿ ಬೆಲೆಯಿಲ್ಲ. ಶ್ರಿಂಕ್ ರ‍್ಯಾಪ್ ಮಾಡುವ ಯಂತ್ರ ಸಣ್ಣ ಪ್ಯಾಕಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಹೊದಿಕೆಯ ಅಡಿಯಲ್ಲಿ ಪೆಟ್ಟಿಗೆಯ ಮೂಲೆ ಸವೆದಿದ್ದು ಹೊದಿಕೆ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನ ಪಡಿ.

ಹಂತ 4: ಬಾಡಿ

ಹೋಲಿಕೆಯ ಮುಕ್ಕಾಲು ಪಾಲು ಸಮಯ ಇಲ್ಲಿ ಕಳೆಯಬೇಕು, ಏಕೆಂದರೆ ಕಾರು ಕಾರಿನಂತೆ ಕಾಣುವುದು ಬಾಡಿಯಿಂದ. ಎಂಜಿನ್ ಬದಲಿಸಬಹುದು, ಚಕ್ರ ಬದಲಿಸಬಹುದು. ಛಾವಣಿ ತಪ್ಪಿದ್ದರೆ ಮಾಡುವಂಥದ್ದೇನೂ ಉಳಿಯುವುದಿಲ್ಲ.

ಮೊದಲು ಬಾಗಿಲು ನೋಡಿ. 1960ರ ದಶಕದ ಆರಂಭದ ರೆವೆಲ್ ಬೆಲ್ ಏರ್‌ನ ಬಾಗಿಲುಗಳು ಬಾಡಿಯಿಂದ ಬೇರೆ, ಕೀಲಿನ ಮೇಲೆ ತೆರೆಯುತ್ತವೆ. ಅದೇ ದಶಕದ ಎಎಂಟಿ ಟ್ರೋಫಿ ಸೀರೀಸ್‌ನಲ್ಲೂ 1970ರ ದಶಕದ ಮೊನೊಗ್ರಾಮ್‌ನಲ್ಲೂ ಬಾಗಿಲು ಬಾಡಿಯೊಂದಿಗೇ ಎರಕವಾಗಿದೆ, ಬಾಗಿಲಿನ ಗೆರೆ ಕೆತ್ತನೆ ಮಾತ್ರ. ಅಂದರೆ ಎರಡು ಸೆಕೆಂಡಿನ ನೋಟದಲ್ಲಿ ಹಳೆಯ ರೆವೆಲ್ ಬೇರೆಯಾಯಿತು. ಉಳಿದವನ್ನು ಹಂತ 2ರ ಅಳತೆ ಬೇರ್ಪಡಿಸುತ್ತದೆ: ಬಾಗಿಲು ತೆರೆಯದ 1/24 ಮೊನೊಗ್ರಾಮ್, ಬಾಗಿಲು ತೆರೆಯದ 1/25 ಎಎಂಟಿ ಇಲ್ಲವೇ ಈಚಿನ ರೆವೆಲ್.

ಈಚಿನ ರೆವೆಲ್‌ನಲ್ಲಿ ಬ್ಲ್ಯಾಕ್ ವಿಡೋ ಎಂಬ ಹೆಸರಿನದು ಬೆಲ್ ಏರ್ ಅಲ್ಲವೇ ಅಲ್ಲ. ಅದು ಷೆವರ್ಲೆಯ ಅಗ್ಗದ ದರ್ಜೆಯ 150 ಎರಡು ಬಾಗಿಲಿನ ಸೆಡಾನ್, ಸ್ಟಾಕ್ ಕಾರ್ ರೇಸಿಗೆ ಇಳಿದ ರೂಪ. ಅದಕ್ಕೆ ಬಾಗಿಲಿನ ಗಾಜಿನ ಹಿಂದೆ ಕಂಬವಿದೆ. ಬೆಲ್ ಏರ್ ಹಾರ್ಡ್‌ಟಾಪ್‌ಗೆ ಕಂಬವಿಲ್ಲ, ಎರಡೂ ಗಾಜು ಇಳಿಸಿದರೆ ಪಕ್ಕ ಪೂರ್ತಿ ತೆರೆದಿರುತ್ತದೆ. ಕಂಬ ಕಡಿದು ಹಾರ್ಡ್‌ಟಾಪ್ ಮಾಡಿಬಿಡಬಹುದು ಎಂಬ ಯೋಚನೆ ಬೇಡ. ಎರಡರ ಛಾವಣಿಯ ಆಕಾರವೇ ಬೇರೆ.

ಆಮೇಲೆ ಅಲಂಕಾರದ ಪಟ್ಟಿಗಳು. ಬೆಲ್ ಏರ್‌ನ ಪಕ್ಕದಲ್ಲಿ ಹಿಂದಕ್ಕೆ ಸೀಳುವ ಕ್ರೋಮ್ ಪಟ್ಟಿಯ ನಡುವೆ ಗೆರೆಗಳುಳ್ಳ ಅಲ್ಯೂಮಿನಿಯಂ ತಗಡು ಇರುತ್ತದೆ. ನಡುವಿನ ದರ್ಜೆಯಾದ ಟೂ-ಟೆನ್‌ನಲ್ಲಿ ಅದೇ ಜಾಗಕ್ಕೆ ಬಣ್ಣ. ಆದ್ದರಿಂದ ಆ ತಗಡಿನ ಗೆರೆಗಳು ಬಾಡಿಯಲ್ಲಿ ಎಷ್ಟು ಚೂಪಾಗಿ ಎದ್ದಿವೆ ಎಂಬುದು ಬೆಲ್ ಏರ್ ಕಿಟ್‌ನ ನಿಜವಾದ ಪರೀಕ್ಷೆ. ಓರೆಬೆಳಕಿನಲ್ಲಿ ಹಿಡಿದು ಭೂತಗಾಜಿನಿಂದ ನೋಡಿ. ಗೆರೆಗಳ ನಡುವೆ ತಳ ಕಂಡರೆ ಬೇರ್-ಮೆಟಲ್ ಫಾಯಿಲ್ (ಕ್ರೋಮ್‌ನಂತೆ ಹೊಳೆಯುವ ತೆಳು ಲೋಹದ ಹಾಳೆ) ಅಂಟಿಸಿದ ಮೇಲೂ ಅವು ಉಳಿಯುತ್ತವೆ. ಈಗಾಗಲೇ ಮೊಂಡಾಗಿದ್ದರೆ ಎರಡು ಪದರ ಪ್ರೈಮರ್, ಮೂರು ಪದರ ಬಣ್ಣದ ಅಡಿ ಮಾಯವಾಗುತ್ತವೆ. ಮುಂದಿನ ಮಡ್‌ಗಾರ್ಡ್‌ನ ಪಕ್ಕದಲ್ಲಿ ಮೂರು ಚಿನ್ನದ ಬಣ್ಣದ ಸಣ್ಣ ಗುರುತುಗಳು, ಬಾನೆಟ್ ಮೇಲೆ ಎರಡು ರಾಕೆಟ್ ಆಕಾರದ ಉಬ್ಬು, ಎಡ ಹಿಂಬದಿಯ ರೆಕ್ಕೆಯ ಕ್ರೋಮ್ ಪಟ್ಟಿಯಲ್ಲಿ ಅಡಗಿದ ಪೆಟ್ರೋಲ್ ಮುಚ್ಚಳ, ಇವುಗಳನ್ನೂ ಹುಡುಕಿ. ಬಾನೆಟ್ ಮತ್ತು ಡಿಕ್ಕಿಯ ಷೆವರ್ಲೆ ಅಕ್ಷರದ ಅಡಿಯಲ್ಲಿ ‘ವಿ’ ಆಕಾರದ ಲಾಂಛನ ಇದ್ದರೆ ವಿ8 ಎಂಜಿನ್‌ನ ಕಾರು. ಒಳಗೆ ಆರು ಸಿಲಿಂಡರಿನ ಎಂಜಿನ್ ಕೂರಿಸಿದರೆ ತಪ್ಪಾಗುತ್ತದೆ.

ಪ್ರಮಾಣ ಸರಿಯೇ ಎಂದು ತಿಳಿಯಲು ಫೋಟೊ ವಿಧಾನ ಸುಲಭ. ಬಾಡಿಯನ್ನು ಷಾಸಿಗೆ ಕೂರಿಸಿ, ಚಕ್ರ ಟೇಪಿನಿಂದ ನಿಲ್ಲಿಸಿ, ನೇರ ಪಕ್ಕದಿಂದ ಫೋಟೊ ತೆಗೆಯಿರಿ. ಫೋನನ್ನು ಕಾರಿನ ಎತ್ತರಕ್ಕೇ ಇಟ್ಟು ಕನಿಷ್ಠ 2–3 ಮೀಟರ್ ಹಿಂದೆ ಸರಿದು ಜೂಮ್ ಬಳಸಿ. ಹತ್ತಿರದಿಂದ ತೆಗೆದರೆ ನಡುಭಾಗ ಉಬ್ಬಿ ಕಾಣುತ್ತದೆ, ಇಲ್ಲದ ತಪ್ಪು ಹುಟ್ಟುತ್ತದೆ. ಫೋಟೊವನ್ನು ವೀಲ್‌ಬೇಸ್ 2,300 ಪಿಕ್ಸೆಲ್ ಆಗುವಂತೆ ಹಿಗ್ಗಿಸಿ ಅಥವಾ ಕುಗ್ಗಿಸಿ. ಆಗ ನಿಜವಾದ ಕಾರಿನ ಒಂದು ಅಂಗುಲಕ್ಕೆ 20 ಪಿಕ್ಸೆಲ್, ಪೂರ್ತಿ ಉದ್ದ 4,000 ಪಿಕ್ಸೆಲ್ ಬರಬೇಕು. ನಿಜವಾದ ಕಾರಿನ ಪಕ್ಕನೋಟದ ಫೋಟೊವನ್ನೂ ಇದೇ ಅಳತೆಗೆ ತಂದು ಅರ್ಧ ಪಾರದರ್ಶಕವಾಗಿ ಮೇಲೆ ಹೊದಿಸಿದರೆ ಛಾವಣಿ ತಗ್ಗಿದೆಯೇ, ಹಿಂದಿನ ರೆಕ್ಕೆ ಉದ್ದವಾಗಿದೆಯೇ, ಚಕ್ರದ ಕಮಾನು ಅಗಲವೇ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಬೇರೆ ಸ್ಕೇಲಿನ ಎರಡು ಕಿಟ್‌ಗಳನ್ನು ನ್ಯಾಯವಾಗಿ ಹೋಲಿಸಲು ಇರುವ ದಾರಿ ಇದೊಂದೇ.

ಹಿಂದಿನ ಚಕ್ರದ ಕಮಾನನ್ನು ವಿಶೇಷವಾಗಿ ಗಮನಿಸಿ. ಡ್ರ್ಯಾಗ್ ರೇಸ್ ರೂಪದಲ್ಲಿ ಬಂದ ಇಶ್ಯೂಗಳಲ್ಲಿ ದಪ್ಪ ಟೈರಿಗೆ ಜಾಗ ಮಾಡಲು ಕಮಾನನ್ನು ತಿದ್ದುವುದು ರೂಢಿ. ಎಡ ಬಲ ಎರಡೂ ಕಮಾನುಗಳ ಅಂಚನ್ನು ಒಂದಕ್ಕೊಂದು ಹೋಲಿಸಿ, ಆಮೇಲೆ ಫೋಟೊಗೆ ಹೋಲಿಸಿ. ಎಎಂಟಿಯ 1957 ಪೆಪ್ಪರ್ ಶೇಕರ್ ಎಂಬ ಹೆಸರಿನಲ್ಲೂ ಮಾರಾಟವಾಗಿದೆ. ಇಂಥ ಹೆಸರು ಡೀಕಾಲ್ ಮತ್ತು ಬಣ್ಣದ ಬಗ್ಗೆ ಹೇಳುತ್ತದೆ, ಬಾಡಿಯ ಬಗ್ಗೆ ಹೇಳುವುದು ಬಾಡಿಯೇ.

ಹಂತ 5: ಅಚ್ಚಿನ ವಯಸ್ಸು

ಒಂದೇ ಅಚ್ಚಿನ ಎರಡು ಇಶ್ಯೂಗಳಲ್ಲಿ ಯಾವುದು ಮೊದಲಿನದು? ಒಂದೇ ತುಂಡಿನ ಬಾಡಿಯ ಅಚ್ಚಿಗೆ ಪಕ್ಕದಿಂದ ಜರುಗುವ ಹಲವು ತುಂಡುಗಳಿರುತ್ತವೆ. ಅವು ಕೂಡುವ ಕಡೆ ಮಡ್‌ಗಾರ್ಡ್‌ಗಳ ಮೇಲೆ, ರೆಕ್ಕೆಯ ನೆತ್ತಿಯ ಮೇಲೆ, ಗಾಜಿನ ಕಂಬದ ಬುಡದಲ್ಲಿ ತೆಳು ಗೆರೆ ಮೂಡುತ್ತದೆ. ಅಚ್ಚು ಸವೆದಷ್ಟೂ ಗೆರೆ ದಪ್ಪವಾಗುತ್ತದೆ, ಕೊನೆಗೆ ಮೆಟ್ಟಿಲೇ ಆಗುತ್ತದೆ. ಉಗುರು ಆಡಿಸಿ ನೋಡಿ: ತಗುಲಿಯೂ ತಗುಲದಂತಿದ್ದರೆ 600 ಗ್ರಿಟ್ ಕಾಗದ ಸಾಕು. ಉಗುರು ನಿಂತರೆ 400ರಿಂದ ಶುರುಮಾಡಿ 1000ಕ್ಕೆ ಮುಗಿಸಬೇಕು, ಉಜ್ಜುವಾಗ ಪಕ್ಕದ ಕ್ರೋಮ್ ಪಟ್ಟಿಯ ಅಂಚು ಹೋಗದಂತೆ ಎರಡು ಪದರ ಟೇಪ್ ಹಚ್ಚಿರಬೇಕು.

ಗ್ರಿಲ್‌ನ ಸಂದಿಗಳಲ್ಲಿ ತೆಳು ಪೊರೆ ತುಂಬಿದ್ದರೆ ಅದು ಫ್ಲ್ಯಾಶ್, ಅಚ್ಚಿನ ಎರಡು ಭಾಗ ಬಿಗಿಯಾಗಿ ಮುಚ್ಚಿಕೊಂಡಿಲ್ಲ ಎಂಬ ಗುರುತು. ದಪ್ಪ ಭಾಗದ ಮೇಲಿನ ಕುಳಿ ಮಾತ್ರ ಸವಕಳಿಯ ಲಕ್ಷಣವಲ್ಲ; ಪ್ಲಾಸ್ಟಿಕ್ ತಣಿಯುವಾಗ ಒಳಕ್ಕೆ ಕುಗ್ಗಿದ್ದು, ಮೊದಲ ಇಶ್ಯೂನಲ್ಲೂ ಇರಬಹುದು. ಈ ಎರಡನ್ನು ಬೆರೆಸಿ ತೀರ್ಪು ಕೊಡುವವರು ಬಹಳ.

ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಮೇಲಿನ ಭಾಗಸಂಖ್ಯೆಗಳನ್ನು ಕ್ರಮವಾಗಿ ಓದಿ. ನಡುವೆ ಸಂಖ್ಯೆ ಹಾರಿದ್ದರೆ, ಅಥವಾ ಸ್ಪ್ರೂನಿಂದ ಭಾಗದ ಕಡೆಗೆ ಚಾಚಿದ ತೆಳು ಕೊಂಡಿ, ಅಂದರೆ ಗೇಟ್, ಎಲ್ಲಿಗೂ ಹೋಗದೆ ನಿಂತಿದ್ದರೆ, ಅಲ್ಲಿದ್ದ ಭಾಗಕ್ಕೆ ಪ್ಲಾಸ್ಟಿಕ್ ಹೋಗದಂತೆ ಅಚ್ಚಿನ ದಾರಿ ಮುಚ್ಚಿದ್ದಾರೆ. ಹಳೆಯ ಎಎಂಟಿ ಕಿಟ್‌ಗಳ ಹೆಮ್ಮೆ ತ್ರೀ-ಇನ್-ಒನ್: ಕಾರ್ಖಾನೆಯ ರೂಪ, ಕಸ್ಟಮ್, ರೇಸ್, ಮೂರರಲ್ಲಿ ಯಾವುದನ್ನಾದರೂ ಕಟ್ಟಬಹುದು. ನಂತರದ ಇಶ್ಯೂಗಳಲ್ಲಿ ಮೊದಲು ಬಲಿಯಾಗುವುದು ಇಂಥ ಹೆಚ್ಚುವರಿ ಭಾಗಗಳೇ. ಬೆಲೆಯ ವ್ಯತ್ಯಾಸ ಹೆಚ್ಚಾಗಿ ಇಲ್ಲಿಂದ ಬರುತ್ತದೆ, ಪೆಟ್ಟಿಗೆಯ ಚಿತ್ರದಿಂದಲ್ಲ.

ಹಂತ 6: ಷಾಸಿ ಮತ್ತು ಎಂಜಿನ್

1960ರ ದಶಕದ ಅನೇಕ ಎಎಂಟಿ ಕಿಟ್‌ಗಳಲ್ಲಿ ಮುಂದಿನ ಚಕ್ರಗಳನ್ನು ಒಂದೇ ಉಕ್ಕಿನ ತಂತಿ ಜೋಡಿಸುತ್ತದೆ, ಆ ತಂತಿ ಎಂಜಿನ್‌ನ ಹೊಟ್ಟೆಯನ್ನೇ ತೂರಿ ಹೋಗುತ್ತದೆ. ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಅಡ್ಡ ತೂತು ಕಂಡರೆ ಅದೇ ಕಾರಣ. ಆಟಕ್ಕೆ ಗಟ್ಟಿ, ಪ್ರದರ್ಶನಕ್ಕೆ ಕುರೂಪ. ಸರಿಪಡಿಸಬೇಕೆಂದಿದ್ದರೆ ತೂತಿಗೆ ಅದೇ ದಪ್ಪದ ಸ್ಟೈರೀನ್ (ಕಿಟ್ ಮಾಡಿದ ಪ್ಲಾಸ್ಟಿಕ್ಕೇ) ಕಡ್ಡಿ ತುರುಕಿ ಅಂಟಿಸಿ, 24 ಗಂಟೆ ಒಣಗಿಸಿ, ಮಟ್ಟಸವಾಗಿ ಉಜ್ಜಿ. ಚಕ್ರಗಳಿಗೆ ಸಸ್ಪೆನ್ಷನ್ ಭಾಗದ ಎರಡೂ ಕಡೆ ಬೇರೆ ಬೇರೆ ಸಣ್ಣ ಪಿನ್ ಕೊಡಿ. ತಂತಿ ತೆಗೆದ ಮೇಲೆ ಕಾರಿನ ಮುಂಭಾಗದ ಎತ್ತರ ಬದಲಾಗುತ್ತದೆ. ಆದ್ದರಿಂದ ತೂತು ಮುಚ್ಚುವ ಮೊದಲೇ ಆಕ್ಸಲ್ ನಡುವಿನ ಎತ್ತರವನ್ನು ಅಳೆದು ಬರೆದಿಡಿ.

ಎಗ್ಸಾಸ್ಟ್ ಪೈಪು ಷಾಸಿಯೊಂದಿಗೇ ಎರಕವಾಗಿದೆಯೇ ಬೇರೆಯೇ, ಹಿಂದಿನ ಆಕ್ಸಲ್ ಮತ್ತು ಸ್ಪ್ರಿಂಗ್ ಬೇರೆ ಭಾಗಗಳೇ ಎಂದು ನೋಡಿ. ಹಳೆಯ, ಸರಳ ಷಾಸಿಗೆ ಬಣ್ಣ ಹಚ್ಚುವ ಕೆಲಸವೇ ದುಪ್ಪಟ್ಟು. ಎಂಜಿನ್ 283 ಘನ ಅಂಗುಲದ ವಿ8 ಎಂದಿದ್ದರೆ ಮೇಲಿನ ಭಾಗಗಳನ್ನು ಪರಿಶೀಲಿಸಿ: ಒಂದು ಕಾರ್ಬುರೇಟರ್, ಎರಡು ನಾಲ್ಕು-ಬ್ಯಾರಲ್ ಕಾರ್ಬುರೇಟರ್, ಇಲ್ಲವೇ ರೋಚೆಸ್ಟರ್ ಕಂಪನಿಯ ರ‍್ಯಾಮ್‌ಜೆಟ್ ಫ್ಯುಯೆಲ್ ಇಂಜೆಕ್ಷನ್. ಮೂರೂ 1957ರಲ್ಲಿ ಕಾರ್ಖಾನೆಯಿಂದಲೇ ಬಂದವು. ಇಂಜೆಕ್ಷನ್ ಇದ್ದದ್ದು 283 ಕುದುರೆಶಕ್ತಿ ಕೊಟ್ಟಿತು, ಒಂದು ಘನ ಅಂಗುಲಕ್ಕೆ ಒಂದು ಕುದುರೆ ಎಂದು ಷೆವರ್ಲೆ ಜಾಹೀರಾತು ಮಾಡಿದ್ದು ಅದನ್ನೇ.

ಹಂತ 7: ಕೆಡುವ ಭಾಗಗಳು

ಅಚ್ಚು ಎಷ್ಟೇ ಚೆನ್ನಾಗಿರಲಿ, 50 ವರ್ಷ ಪೆಟ್ಟಿಗೆಯಲ್ಲಿ ಕೂತ ಕಿಟ್‌ನ ಟೈರ್ ಒಂದೇ ಅದನ್ನು ಹಾಳುಮಾಡಬಲ್ಲದು. ಮೃದು ವಿನೈಲ್ ಟೈರ್‌ನಲ್ಲಿ ಅದನ್ನು ಮೆತ್ತಗಿಡುವ ಎಣ್ಣೆಯಂಥ ಪ್ಲಾಸ್ಟಿಸೈಸರ್ ಇರುತ್ತದೆ. ಅದು ನಿಧಾನವಾಗಿ ಹೊರಬಂದು ಮುಟ್ಟಿದ ಸ್ಟೈರೀನ್ ಅನ್ನು ಕರಗಿಸುತ್ತದೆ. ಗಾಜಿನ ಮೇಲೆ ಟೈರ್ ಕೂತಿದ್ದರೆ ದುಂಡಗಿನ ಕಲೆ, ಬಾಡಿಯ ಮೇಲೆ ಕೂತಿದ್ದರೆ ಹಳ್ಳ. ಕೊಂಡ ದಿನವೇ ಟೈರ್‌ಗಳನ್ನು ಪ್ರತ್ಯೇಕ ಪಾಲಿಥೀನ್ ಚೀಲಕ್ಕೆ ಹಾಕಿ. ಪಿವಿಸಿ ಚೀಲ ಬೇಡ, ಅದರಲ್ಲೂ ಪ್ಲಾಸ್ಟಿಸೈಸರ್ ಇದೆ. ಜೋಡಿಸುವಾಗ ಚಕ್ರದ ಅಂಚಿಗೆ ತೆಳು ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಟೈರ್ ಏರಿಸಿ. ಬಣ್ಣದ ಪದರ ನಂಬಿಕೆಯ ತಡೆಯಲ್ಲ.

ಗಾಜನ್ನು ಕಪ್ಪು ಕಾಗದದ ಮೇಲೆ ಒಮ್ಮೆ, ಕಿಟಕಿಯ ಬೆಳಕಿಗೆ ಒಮ್ಮೆ ಹಿಡಿದು ನೋಡಿ. ಗೀರು ಇದ್ದರೆ 2000 ಗ್ರಿಟ್‌ನಿಂದ ಶುರುಮಾಡಿ ಪಾಲಿಶ್ ಮಾಡಬಹುದು. ಒಳಗೇ ಸೀಳಿದ್ದರೆ ಬೇರೆ ಹುಡುಕಬೇಕು.

ಕ್ರೋಮ್ ಭಾಗಗಳು ನಿರ್ವಾತದಲ್ಲಿ ಅಲ್ಯೂಮಿನಿಯಂ ಹಬೆ ಕೂರಿಸಿದವು. ಬಂಪರ್‌ನ ಗೇಟ್ ಎಲ್ಲಿದೆ ಎಂಬುದೇ ಇಲ್ಲಿ ಮುಖ್ಯ ಹೋಲಿಕೆ: ಕೆಳ ಅಂಚಿನಲ್ಲಿದ್ದರೆ ಕತ್ತರಿಸಿದ ಕಲೆ ಕಾಣುವುದಿಲ್ಲ, ಮುಂಭಾಗದಲ್ಲಿದ್ದರೆ ಕಂಡೇ ಕಾಣುತ್ತದೆ. ಬೆಲ್ ಏರ್‌ನ ಗ್ರಿಲ್ ಜಾಲರಿ ಚಿನ್ನದ ಬಣ್ಣದ್ದು, ಬಂಪರ್ ಬೆಳ್ಳಿ. ಎರಡೂ ಒಂದೇ ಭಾಗವಾಗಿದ್ದರೆ ಜಾಲರಿಯ ಮೇಲೆ ಪಾರದರ್ಶಕ ಹಳದಿಯ ತೆಳು ಪದರ ಹಚ್ಚಬೇಕಾಗುತ್ತದೆ. ಹಾಳಾದ ಕ್ರೋಮನ್ನು ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ನೆನೆಸಿದರೆ ಕೆಲವೇ ಗಂಟೆಗಳಲ್ಲಿ ಬಿಟ್ಟುಹೋಗುತ್ತದೆ. ಕೈಗವಸು ಧರಿಸಿ, ಕಿಟಕಿ ತೆರೆದಿಡಿ, ಬ್ಲೀಚ್‌ಗೆ ಬಾತ್‌ರೂಮ್ ಆಸಿಡ್ ಅಥವಾ ವಿನೆಗರ್ ತಾಗಬಾರದು; ಕ್ಲೋರಿನ್ ಅನಿಲ ಹುಟ್ಟುತ್ತದೆ.

ಡೀಕಾಲ್ ಹಾಳೆಯನ್ನು ಮೊದಲು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಏನೇ ಆದರೂ ಮರುಮುದ್ರಣಕ್ಕೆ ಆಧಾರ ಇರುತ್ತದೆ. ಆಮೇಲೆ ಬೇಡದ ಒಂದು ಚಿಕ್ಕ ಡೀಕಾಲ್ ಕತ್ತರಿಸಿ ಉಗುರುಬೆಚ್ಚಗಿನ ನೀರಿನಲ್ಲಿ 30 ಸೆಕೆಂಡ್ ಬಿಡಿ. ಚೂರುಚೂರಾದರೆ ಉಳಿದ ಹಾಳೆಗೆ ಹೊಳಪಿನ ಪಾರದರ್ಶಕ ಲ್ಯಾಕರ್ ಸಿಂಪಡಿಸಿ ಒಣಗಿಸಿ, ಒಂದೊಂದನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಿ ಬಳಸಿ. ಹಳದಿಗಟ್ಟಿದ್ದರೆ ಜಿಪ್ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಗೆ ಒಂದೆರಡು ವಾರ ಅಂಟಿಸಿ. ಇದನ್ನು ಮಳೆಗಾಲದ ಮಂಗಳೂರು, ಉಡುಪಿ ಕಡೆ ಪ್ರಯತ್ನಿಸಬೇಡಿ. ಬಿಸಿಲಿಗಿಂತ ತೇವವೇ ಹೆಚ್ಚಿದ್ದು ಅಂಟು ಕಾಗದದ ಮೇಲೇ ಕರಗುತ್ತದೆ. ಕರಾವಳಿಯಲ್ಲಿ ಡೀಕಾಲ್ ಮತ್ತು ಸೂಚನಾಹಾಳೆಯನ್ನು ಸಿಲಿಕಾ ಜೆಲ್ ಜತೆ ಗಾಳಿಯಾಡದ ಡಬ್ಬಿಯಲ್ಲಿ ಇಡುವುದೇ ಸರಿ.

ಹಂತ 8: ಅಂಟಿಲ್ಲದೆ ಜೋಡಿಸಿ ನೋಡಿ

ಬಾಡಿ, ಷಾಸಿ, ಒಳಾಂಗಣ, ಗಾಜು, ಎರಡು ಬಂಪರ್, ಬಾನೆಟ್: ಇಷ್ಟನ್ನು ಟೇಪಿನಿಂದ ಕೂರಿಸಿ. ಬಾಗಿಲು ತೆರೆಯುವ ಹಳೆಯ ರೆವೆಲ್‌ಗೆ ಇದು ಕಡ್ಡಾಯ. ನಿಜವಾದ ಕಾರಿನ ಬಾಗಿಲ ಸಂದಿ 5 ಮಿ.ಮೀ. ಎಂದಿಟ್ಟುಕೊಂಡರೆ 1/25ರಲ್ಲಿ ಅದು 0.2 ಮಿ.ಮೀ. ಮಾತ್ರ. ಕಿಟ್‌ನಲ್ಲಿ 0.5 ಮಿ.ಮೀ. ಸಂದಿ ಉಳಿದರೂ ನಿಜದಲ್ಲಿ ಒಂದು ಬೆರಳು ತೂರುವಷ್ಟು ಬಿರುಕಿದಂತೆ ಕಾಣುತ್ತದೆ. ಮೇಲೆ ಬಣ್ಣದ ಪದರಗಳು ಸೇರಿ ಬಾಗಿಲು ಬಿಗಿಯಾಗುವುದೂ ಉಂಟು, ತೆರೆಯುವಾಗ ಅಂಚಿನ ಬಣ್ಣ ಕಿತ್ತುಬರುತ್ತದೆ. ಅನುಭವವಿಲ್ಲದವರು ಬಾಗಿಲುಗಳನ್ನು ಮುಚ್ಚಿಯೇ ಅಂಟಿಸುವುದು ಜಾಣತನ: ಹೊರಗಿನಿಂದ ಟೇಪ್ ಹಚ್ಚಿ ಮಟ್ಟ ಮಾಡಿ, ಒಳಗಿನಿಂದ ಸಂದಿಗೆ ಅಡ್ಡಲಾಗಿ 0.5 ಮಿ.ಮೀ. ದಪ್ಪದ ಸ್ಟೈರೀನ್ ಪಟ್ಟಿ ಅಂಟಿಸಿ. ಹೊರಗಿನ ಗೆರೆಗೆ ಅಂಟು ಇಳಿಯದಂತೆ ನೋಡಿಕೊಳ್ಳಿ.

ಹಾಗಾದರೆ ಯಾವುದು

ಶೆಲ್ಫ್ ಮೇಲಿಡಲು ನೀಟಾದ ಬೆಲ್ ಏರ್ ಬೇಕು ಎನ್ನುವವರಿಗೆ ಬಾಗಿಲು ತೆರೆಯದ ಅಚ್ಚುಗಳೇ ಸರಿ, ಎಎಂಟಿಯೋ ಮೊನೊಗ್ರಾಮೋ ಎಂಬುದನ್ನು ಈಗಿರುವ ಉಳಿದ ಕಾರುಗಳ ಸ್ಕೇಲ್ ತೀರ್ಮಾನಿಸಲಿ. 1/25ರ ಸಾಲಿನಲ್ಲಿ 1/24 ಒಂದು ನಿಂತರೆ ಎಂಟು ಮಿ.ಮೀ. ಉದ್ದದ ವ್ಯತ್ಯಾಸ ಯಾವಾಗಲೂ ಕಣ್ಣಿಗೆ ಚುಚ್ಚುತ್ತದೆ. ಹಳೆಯ ರೆವೆಲ್ ಕಷ್ಟ ಕೊಡುತ್ತದೆ, ಆದರೆ ಬಾಗಿಲು, ಬಾನೆಟ್, ಡಿಕ್ಕಿ ತೆರೆದು ತೋರಿಸುವ ಆಸೆ ಇರುವವರಿಗೆ ಅದರ ಬದಲಿ ಇಲ್ಲ. ಕಸ್ಟಮ್ ಭಾಗಗಳ ಮೋಹವಿದ್ದರೆ ಆದಷ್ಟು ಹಳೆಯ ಎಎಂಟಿ ಇಶ್ಯೂ ಹುಡುಕಿ, ಬರಿಯ ಕಾರ್ಖಾನೆಯ ರೂಪ ಸಾಕೆಂದರೆ ಹೊಸ ರೀಇಶ್ಯೂಗಿಂತ ಹೆಚ್ಚು ಕೊಡುವುದು ವ್ಯರ್ಥ. ಹೊಸದರ ಡೀಕಾಲ್ ಮತ್ತು ಟೈರ್ ತಾಜಾ ಇರುತ್ತವೆ ಎಂಬುದೂ ಲೆಕ್ಕಕ್ಕೆ ಬರಲಿ.

ಹೊರದೇಶದಿಂದ ತರಿಸುವವರು ಹಣ ಕೊಡುವ ಮುನ್ನ ಮಾರುವವರಿಂದ ಏಳು ಫೋಟೊ ಕೇಳಿ: ಪೆಟ್ಟಿಗೆಯ ಎರಡೂ ತುದಿ, ವಿಳಾಸ ಇರುವ ಪಕ್ಕ, ಷಾಸಿಯ ಅಡಿಭಾಗ, ಕ್ರೋಮ್ ಸ್ಪ್ರೂ, ಬೆಳಕಿಗೆ ಹಿಡಿದ ಗಾಜು, ಡೀಕಾಲ್ ಹಾಳೆ. ಷಾಸಿಯ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಲು ಹೇಳಿದರೆ ಹಂತ 2 ಅಲ್ಲಿಂದಲೇ ಮುಗಿಯುತ್ತದೆ. ಭಾರತದಲ್ಲಿ ಕಸ್ಟಮ್ಸ್ ಸುಂಕವನ್ನು ಕಿಟ್‌ನ ಬೆಲೆಗೆ ಸಾಗಣೆ ಮತ್ತು ವಿಮೆಯನ್ನೂ ಸೇರಿಸಿದ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. ಹಾಗಾಗಿ ಅಗ್ಗದ ಎರಡು ಕಿಟ್‌ಗಳನ್ನು ಎರಡು ಪಾರ್ಸೆಲ್‌ನಲ್ಲಿ ತರಿಸುವುದಕ್ಕಿಂತ ಒಂದೇ ಪಾರ್ಸೆಲ್‌ಗೆ ಸೇರಿಸಲು ಕೇಳಿ. ಪೆಟ್ಟಿಗೆಯ ಹೊರಗೆ ಇನ್ನೊಂದು ರಟ್ಟಿನ ಪೆಟ್ಟಿಗೆ, ನಾಲ್ಕೂ ಕಡೆ ಕನಿಷ್ಠ 3 ಸೆಂ.ಮೀ. ಮೆತ್ತೆ ಇರಲಿ, ಟೈರ್‌ಗಳು ಬೇರೆ ಚೀಲದಲ್ಲಿರಲಿ ಎಂದು ಬರೆದು ತಿಳಿಸಿ. ಬೇಸಿಗೆಯ ಗೋದಾಮಿನಲ್ಲಿ ವಾರಗಟ್ಟಲೆ ಬಿಸಿಯಾಗಿ ಕೂತ ಪಾರ್ಸೆಲ್‌ನಲ್ಲಿ ಟೈರ್ ಮತ್ತು ಗಾಜು ಒಂದನ್ನೊಂದು ಮುಟ್ಟಿರಬಾರದು.